ಒಂದೇ ಬಾಲದ ಇಂಗ್ಲಿಷು ಶಬ್ದಗಳು

ಇಂಗ್ಲಿಷು ಕಲಿಯತೊಡಗಿದ ಬಾಲಕನು 'ಟಫ್' ಎಂಬ ಶಬ್ದದ ಅಕ್ಷರಗಳನ್ನು ಬಾಯಿಪಾಠ ಮಾಡುತ್ತಾನೆ. ಕೊನೆಯಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಬಂದರೆ 'ಅಫ್' ಎಂದು ಓದಬೇಕೆಂದು ನ್ಯಾಯವಾಗಿಯೇ ಊಹಿಸುತ್ತಾನೆ. ಮರುದಿನದ ಪಾಠದಲ್ಲಿ ಅದೇ ನಾಲ್ಕು ಅಕ್ಷರಗಳು ನೇಗಿಲಿನ ಹೆಸರಿನಲ್ಲಿ 'ಪ್ಲೌ' ಎಂದೂ, ನಾದಿದ ಹಿಟ್ಟಿನ ಹೆಸರಿನಲ್ಲಿ 'ಡೋ' ಎಂದೂ, ಕೆಮ್ಮಿನ ಹೆಸರಿನಲ್ಲಿ 'ಕಾಫ್' ಎಂದೂ, 'ಮೂಲಕ' ಎಂಬರ್ಥದ ಶಬ್ದದಲ್ಲಿ 'ಥ್ರೂ' ಎಂದೂ ನುಡಿಯುತ್ತವೆ. ಬಾಲವೊಂದು, ದನಿ ಐದು! ಕಾರಣವನ್ನು ಕೇಳಿದರೆ 'ಅದು ಹಾಗೆಯೇ' ಎಂಬುದೇ ಉತ್ತರ. ಕಾಲೇಜಿನ ಮೆಟ್ಟಿಲೇರಿದ ಮೇಲೂ ಇಂಥ ಶಬ್ದಗಳೆದುರು ತಮ್ಮ ಬುದ್ಧಿಯನ್ನೇ ಸಂದೇಹಿಸುವ ವಿದ್ಯಾರ್ಥಿಗಳನ್ನು ನಾವು ಕಾಣುತ್ತೇವೆ. ತೊಡಕು ಅವರ ಬುದ್ಧಿಯದಲ್ಲ, ಚರಿತ್ರೆಯದು. ಆ ಚರಿತ್ರೆಯನ್ನು ಸ್ವಲ್ಪ ವಿಚಾರಿಸೋಣ.

ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಶಬ್ದಗಳ ಕೊನೆಯಲ್ಲಿ ನಿಜವಾಗಿಯೂ ಒಂದು ವ್ಯಂಜನವಿದ್ದಿತು. 'ಟಫ್' ಎಂಬುದು 'ತೋಹ್' ಆಗಿದ್ದಿತು. 'ರಫ್' ಎಂಬುದು 'ರೂಹ್'. 'ಥ್ರೂ' ಎಂಬುದು 'ಥುರ್ಹ್'. ಕೊಂಬೆಯೆಂಬರ್ಥದ 'ಬೌ' ಎಂಬುದು 'ಬೋಗ್' ಎಂದೂ, ಹಿಟ್ಟಿನ 'ಡೋ' ಎಂಬುದು 'ದಾಗ್' ಎಂದೂ ಗಕಾರಾಂತವಾಗಿದ್ದುವು. ಕಾಲಕ್ರಮದಲ್ಲಿ ಆ ಗಕಾರವೂ ಹಕಾರದ ಜಾತಿಗೇ ಸೇರಿತು. ಈ ಹಕಾರವು ನಮ್ಮ ಮೆದುವಾದ ಹಕಾರವಲ್ಲ. ನಾಲಗೆಯ ಬುಡದಲ್ಲಿ ಉಸಿರು ಉಜ್ಜಿಕೊಂಡು ಬರುವ ಧ್ವನಿ. ಉರ್ದು ಬಲ್ಲವರು 'ಖುದಾ' ಎನ್ನುವಾಗ ಅದು ಕೇಳಿಸುತ್ತದೆ. ಸಂಸ್ಕೃತ ವೈಯಾಕರಣರು ಜಿಹ್ವಾಮೂಲೀಯವೆಂದು ಹೆಸರಿಟ್ಟು ವರ್ಣಿಸಿದ ಧ್ವನಿಗೆ ಇದು ಹತ್ತಿರದ್ದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಕ್ರಮೇಣ ಬರವಣಿಗೆಯ ಕೆಲಸವು ಫ್ರೆಂಚು ಪದ್ಧತಿಯಲ್ಲಿ ಪಳಗಿದ ಲಿಪಿಕಾರರ ಕೈಗೆ ಬಂದಿತು. ಈ ಒರಟು ಧ್ವನಿಗೆ ಬರಿಯ ಎಚ್ ಅಕ್ಷರ ಸಾಲದೆಂದು, ಮುಂದಿನ ಶತಮಾನಗಳಲ್ಲಿ, ಜಿ ಮತ್ತು ಎಚ್‌ಗಳನ್ನು ಜೋಡಿಸಿ ಬರೆಯುವ ರೂಢಿ ನೆಲೆಗೊಂಡಿತು. ಎಂದರೆ, ಇಂದು ನಿರರ್ಥಕವಾಗಿ ಕಾಣುವ ಆ ಜೋಡಿ ಅಕ್ಷರವು ಅಂದು ಬಾಯಲ್ಲಿದ್ದ ಧ್ವನಿಯ ಪ್ರಾಮಾಣಿಕವಾದ ಚಿತ್ರವಾಗಿದ್ದಿತು.

ಅನಂತರ ಆ ಧ್ವನಿಯೇ ಸಾಯತೊಡಗಿತು. ಕೆಲವು ಸೀಮೆಗಳಲ್ಲಿ ಅದು ಸದ್ದಿಲ್ಲದೆ ಅಡಗಿತು. ಕೆಲವು ಸೀಮೆಗಳಲ್ಲಿ ತುಟಿಗೆ ಜಾರಿ ಫಕಾರವಾಯಿತು. ನಾನಾ ಪ್ರಾಂತ್ಯಗಳ ಜನ ಬಂದು ಸೇರಿದ ಲಂಡನ್ನಿನಲ್ಲಿ ಎರಡು ಬಗೆಯ ಉಚ್ಚಾರಣೆಗಳೂ ಬೆರೆತು, ಒಂದೊಂದು ಶಬ್ದಕ್ಕೆ ಒಂದೊಂದು ಅಂಟಿಕೊಂಡಿತು. 'ಡೋ' ಎಂಬುದಕ್ಕೇ 'ಡಫ್' ಎಂಬ ಇನ್ನೊಂದು ರೂಪವುಂಟು. ಆ ಹೆಸರಿನ ಕಡುಬನ್ನು ಆಂಗ್ಲೇಯರು ಇಂದಿಗೂ ಬಲ್ಲರು. ಇದೇ ಸುಮಾರಿಗೆ ದೀರ್ಘಸ್ವರಗಳೆಲ್ಲವೂ ತಮ್ಮ ಸ್ಥಾನ ಬಿಟ್ಟು ಕದಲಿದುವು. ಆದರೆ ವಿಲಿಯಂ ಕ್ಯಾಕ್ಸ್ಟನ್ನನು 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ್ದನು. ಬಾಯಿ ಬದಲಾಗುತ್ತಿದ್ದ ಕಾಲದಲ್ಲಿಯೇ ಅಚ್ಚಿನ ಮೊಳೆಗಳು ಹಳೆಯ ರೂಪವನ್ನು ಬಿಗಿಹಿಡಿದುವು. ಪ್ರಾಣ ಹೋಯಿತು, ಪ್ರತಿಮೆ ಉಳಿಯಿತು.

ಈ ಪ್ರತಿಮೆಯಿಂದ ಪ್ರಯೋಜನವೇನು? ಉಂಟು. 1786ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಉಪನ್ಯಾಸ ಮಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದನು. ಇಂಗ್ಲಿಷೂ ಆ ಕುಟುಂಬದ್ದೇ. 'ಬೌ' ಎಂಬುದನ್ನು ಕಿವಿಯಿಂದ ಮಾತ್ರ ಕೇಳಿದರೆ ಅದರ ನಂಟು ತಿಳಿಯದು. ಹಳೆಯ 'ಬೋಗ್' ಎಂಬುದನ್ನು ಕಂಡೊಡನೆ ಸಂಸ್ಕೃತದ 'ಬಾಹು' ನೆನಪಾಗುತ್ತದೆ. ಎರಡೂ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಭುಜವೆಂಬ ಅರ್ಥವೂ ಇದ್ದಿತು. ಮರದ ಕೊಂಬೆ ಮರದ ತೋಳಲ್ಲವೆ! ದನಗಳಿಗೆ ನೀರು, ಮೇವು ಇಡುವ ತೊಟ್ಟಿ 'ಟ್ರಾಫ್'. ಅದು 'ದಾರು' ಶಬ್ದದ ಬಂಧು, ಏಕೆಂದರೆ ಮೊದಲಿಗೆ ಅದು ಕೊರೆದ ಮರದ್ದಾಗಿದ್ದಿತು. ನಾದಿ ರೂಪಗೊಳಿಸುವ ಅರ್ಥದ ಮೂಲಧಾತುವಿನಿಂದ ಅಲ್ಲಿ 'ಡೋ' ಹುಟ್ಟಿತು, ಇಲ್ಲಿ 'ದೇಹ' ಹುಟ್ಟಿತು. 'ಲೇಡಿ' ಎಂಬ ಗೌರವದ ಶಬ್ದದ ಉತ್ತರಾರ್ಧವೂ ಅದೇ ಧಾತುವಿನದು. ಅದರ ಮೂಲಾರ್ಥ ರೊಟ್ಟಿಯ ಹಿಟ್ಟನ್ನು ನಾದುವವಳು ಎಂದು.

ಆದರೆ ಈ ಬಾಲವುಳ್ಳುದೆಲ್ಲ ಕುಲೀನವೆಂದು ನಂಬಲಾಗದು. ಬಿಕ್ಕಳಿಕೆಗೆ ಇಂಗ್ಲಿಷಿನಲ್ಲಿ 'ಹಿಕಪ್' ಎನ್ನುತ್ತಾರೆ. ಬಿಕ್ಕುವ ಸದ್ದನ್ನು ಅನುಕರಿಸಿ ಹುಟ್ಟಿದ ಶಬ್ದವದು. ಕೆಮ್ಮಿಗೂ ಅದಕ್ಕೂ ನಂಟಿದೆಯೆಂದು ಭ್ರಮಿಸಿ ಯಾರೋ 'ಕಾಫ್' ಶಬ್ದದ ಬಾಲವನ್ನು ಅದಕ್ಕೆ ಕಟ್ಟಿದರು. ಬರೆಯುವುದು ಕೆಮ್ಮು, ಓದುವುದು ಬಿಕ್ಕಳಿಕೆ! ಹೀಗೆ ಸುಳ್ಳು ವಂಶಾವಳಿಗಳೂ ಭಾಷೆಯಲ್ಲುಂಟು.

ಈ ಹೊರೆಯನ್ನು ಇಳಿಸಲು ಯತ್ನಿಸಿದವರಿಲ್ಲದಿಲ್ಲ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನು 1906ರಲ್ಲಿ 300 ಶಬ್ದಗಳನ್ನು ಸರಳವಾಗಿ ಬರೆಯಬೇಕೆಂದು ಸರಕಾರಿ ಮುದ್ರಣಾಲಯಕ್ಕೆ ಆಜ್ಞಾಪಿಸಿದನು. ಈ ಬಾಲದ ಕೆಲವು ಶಬ್ದಗಳೂ ಅವುಗಳಲ್ಲಿದ್ದುವು. ಪತ್ರಿಕೆಗಳು ನಕ್ಕುವು, ಕಾಂಗ್ರೆಸ್ ಸಭೆ ವಿರೋಧಿಸಿತು, ಆ ವರ್ಷ ಮುಗಿಯುವುದರೊಳಗೆ ಆಜ್ಞೆ ಹಿಂದಕ್ಕೆ ಹೋಯಿತು. ಅಮೆರಿಕದವರು ನೇಗಿಲಿನ ಬಾಲವನ್ನು ಕತ್ತರಿಸಿ ಬರೆಯುವರಾದರೂ ಕೆಮ್ಮಿನ ಬಾಲ ಅಲ್ಲಿಯೂ ಹಾಗೆಯೇ ಇದೆ.

ನಮ್ಮ ಕನ್ನಡವು ಬೇರೆ ದಾರಿ ಹಿಡಿಯಿತು. ಹಳಗನ್ನಡದಲ್ಲಿ ೞಕಾರವೆಂಬ ಅಕ್ಷರವಿದ್ದಿತು. 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಜೀವಿಸು. ಧ್ವನಿ ಅಳಿಯುತ್ತಿದ್ದುದರಿಂದಲೇ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಂಥ ಶಬ್ದಗಳನ್ನು ಎಣಿಸಿಡಬೇಕಾಯಿತು. ಮುಂದೆ ನಾವು ಸತ್ತ ಧ್ವನಿಯೊಡನೆ ಅದರ ಅಕ್ಷರವನ್ನೂ ಬಿಟ್ಟೆವು. ನಮ್ಮ ಮಕ್ಕಳಿಗೆ ಓದು ಸುಲಭವಾಯಿತು. ಆದರೆ ಕತ್ತಿಗೂ ಬದುಕಿಗೂ ಇದ್ದ ಭೇದ ಬರವಣಿಗೆಯಿಂದ ಮಾಯವಾಯಿತು.

ಯಾವ ದಾರಿ ಮೇಲು? ನುಡಿದಂತೆ ಬರೆದರೆ ಮಗುವಿಗೆ ಲಾಭ, ಬರೆದುದನ್ನು ಕಾಪಾಡಿದರೆ ನೆನಪಿಗೆ ಲಾಭ. ಎರಡನ್ನೂ ಪೂರ್ಣವಾಗಿ ಪಡೆದ ಭಾಷೆಯನ್ನು ನಾವು ಕಾಣೆವು. ಆಂಗ್ಲೇಯರ ಬರವಣಿಗೆಯನ್ನು ತಿದ್ದುವ ಅಧಿಕಾರ ನಮಗಿಲ್ಲ. ಆದರೆ ಕಲಿಸುವ ಅಧಿಕಾರವುಂಟು. ತಪ್ಪು ಬರೆದ ಹುಡುಗನಿಗೆ ದಂಡನೆಗಿಂತ ಮೊದಲು ಈ ಕಥೆಯನ್ನು ಹೇಳುವುದು ಲೇಸು. ಆ ನಾಲ್ಕು ಅಕ್ಷರಗಳು ತನ್ನನ್ನು ಕಾಡಲು ಹುಟ್ಟಿದುವಲ್ಲ, ಒಂದು ಕಾಲದಲ್ಲಿ ಜನರ ಬಾಯಲ್ಲಿ ಬಾಳಿದುವೆಂದು ತಿಳಿದವನು ಅವುಗಳಿಗೆ ಅಂಜುವುದಿಲ್ಲ. ಬಹುಶಃ ಮರೆಯುವುದೂ ಇಲ್ಲ.