ಕಾಳಗವೋ ಆಟವೋ: ಚನ್ನಪಟ್ಟಣದ ಜಟ್ಟಿಯ ಜಾಡು

ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ವಿವರಕೋಶದಲ್ಲಿ ಚನ್ನಪಟ್ಟಣದ ಪೊಲೀಸ್ ಪೇದೆಯೊಬ್ಬ ಎದುರಾಗುತ್ತಾನೆ. ಅವನ ಹೆಸರನ್ನು ಥರ್ಸ್ಟನ್ ಬರೆದಿಲ್ಲ, ಕುಲವನ್ನು ಮಾತ್ರ ಬರೆದಿದ್ದಾನೆ: ಕುಸ್ತಿಯೇ ಕಸುಬಾದ ಜಟ್ಟಿ. ಬರೋಡಾದಲ್ಲೂ ನೇಪಾಳದ ಆಸ್ಥಾನದಲ್ಲೂ ಸೆಣಸಿ ಬಂದಿದ್ದ ಈ ಪೇದೆ ಥರ್ಸ್ಟನ್‌ನ ಮುಂದೆ ಒಂದು ಕಥೆಯನ್ನು ಎದೆಯುಬ್ಬಿಸಿ ಹೇಳಿದನಂತೆ. ಮದರಾಸಿನ ಪೈಲ್ವಾನನೊಬ್ಬ ಬೆಂಗಳೂರಿಗೆ ಬಂದು, ತಾಕತ್ತಿದ್ದವರು ಬನ್ನಿ ಎಂದು ಸವಾಲು ಹಾಕಿದ. ಜಟ್ಟಿಯೊಬ್ಬ ಒಪ್ಪಿಕೊಂಡ. ಒಂದೊಂದಕ್ಕೆ 500 ರೂಪಾಯಿಯಂತೆ ಎರಡು ಪಂದ್ಯ ನಿಶ್ಚಯವಾಯಿತು. ಎರಡರಲ್ಲೂ ಜಟ್ಟಿ ಮದರಾಸಿನವನನ್ನು ಸಲೀಸಾಗಿ ಮಣಿಸಿದ. ಹಣವೂ ಅವನದೇ ಆಯಿತು.

ಈ ಪೇದೆ ಕಲಿತದ್ದು ಸಮರಕಲೆಯೋ ಕ್ರೀಡೆಯೋ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಸಂಜೆ ಹೊತ್ತು ಬಿಳಿ ಅಂಗಿ ತೊಟ್ಟು ಟೇಕ್ವಾಂಡೋಗೋ ಕರಾಟೆಗೋ ಹೊರಡುವ ಮಕ್ಕಳ ತಂದೆತಾಯಿಯರ ಕಿವಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಿದ್ದಿರುತ್ತದೆ. ಟೇಕ್ವಾಂಡೋದಲ್ಲಿ ಈ ಜಗಳ ಬಹಿರಂಗವಾಗಿಯೇ ಇದೆ. ಆ ಹೆಸರು ನಿಶ್ಚಯವಾದದ್ದೇ 1955ರಲ್ಲಿ. ಜನರಲ್ ಚೋಯ್ ಹಾಂಗ್ ಹೀ 1966ರಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದ, 1973ರಲ್ಲಿ ಸೋಲ್‌ನಲ್ಲಿ ಇನ್ನೊಂದು ಹುಟ್ಟಿತು. ಈ ಎರಡನೆಯದೇ 2000ದ ಸಿಡ್ನಿ ಒಲಿಂಪಿಕ್ಸ್‌ನ ಪದಕದವರೆಗೆ ಹೋಯಿತು. ಮೊದಲು ಕಲೆ ಇತ್ತು, ಆಮೇಲೆ ಅಂಕ ಬಂದು ಅದನ್ನು ಕೆಡಿಸಿತು ಎಂಬುದು ಹಳಬರ ದೂರು. ಆ ದೂರು ಕೊರಿಯಾದ ಮಟ್ಟಿಗೆ ಎಷ್ಟು ಸರಿಯೋ ಕೊರಿಯಾದವರೇ ಹೇಳಲಿ. ನಮ್ಮ ಜಟ್ಟಿಗಳ ದಾಖಲೆಯನ್ನು ಓದುತ್ತಾ ಹೋದರೆ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ನಿಯಮ, ದರ್ಜೆ, ತೀರ್ಪುಗಾರ, ಬಹುಮಾನ ಎಲ್ಲವೂ ಮೊದಲಿನಿಂದಲೂ ಇದ್ದವು. ಬರೀ ಆಚರಣೆ ಎಂಬ ರೂಪವೇ ಈಚಿನದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ದರ್ಜೆವಾರು ವಿಂಗಡಿಸಲಾಗಿದೆ. ಜೂಡೋದ ಜಪಾನಿನಿಂದ ಟೇಕ್ವಾಂಡೋಗೆ ಬಂದ 'ಡಾನ್' ದರ್ಜೆಗಳಿಗೆ ಒಂದೂವರೆ ಶತಮಾನದ ವಯಸ್ಸೂ ಆಗಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಜ್ಯೇಷ್ಠಿಯೇ ನಾಲಿಗೆಯ ಮೇಲೆ ಸವೆದು ಜಟ್ಟಿಯಾದದ್ದು. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರ 'ಮಲ್ಲಪುರಾಣ'ವೂ ಇದೇ ಪದವನ್ನು ಹೊತ್ತಿದೆ. ಅವರ ಕುಲದೇವತೆ ನಿಂಬಜೆ, ಮೈಸೂರಿನ ಜಟ್ಟಿಗಳು ಪೂಜಿಸುವುದೂ ಆಕೆಯನ್ನೇ. ಹಾಗಾಗಿ ಚನ್ನಪಟ್ಟಣದ ಪೇದೆ ಬರೋಡಾದ ಕಣದಲ್ಲಿ ಇಳಿದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಅದು ನೆಂಟರ ಊರಿಗೆ ಹೋದಂತೆಯೇ ಇದ್ದೀತು.

ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿನ ಮಲ್ಲಯುದ್ಧ ತನ್ನ ನಾಡಿನದರಂತಲ್ಲ, ಹಲ್ಲು ಉದುರುವ, ಕಣ್ಣು ಹೋಗುವ ಏಟುಗಳಿವೆ ಎಂದು ಬೆರಗಾಗುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಕಣದಲ್ಲಿರುತ್ತಾರೆ. ಪಾಯಸ್‌ನನ್ನು ಉಲ್ಲೇಖಿಸುವವರು ರಕ್ತದ ಭಾಗವನ್ನು ಎತ್ತಿಕೊಂಡು ತೀರ್ಪುಗಾರರನ್ನು ಬಿಟ್ಟುಬಿಡುವುದೇ ಹೆಚ್ಚು.

ಎಲ್ಲಕ್ಕಿಂತ ತುಂಬಿದ ಚಿತ್ರ ಸಿಗುವುದು ಮಾರ್ಕ್ ವಿಲ್ಕ್ಸ್‌ನಲ್ಲಿ. 1803ರಿಂದ 1808ರವರೆಗೆ ಮೈಸೂರಿನ ಬ್ರಿಟಿಷ್ ರೆಸಿಡೆಂಟನಾಗಿದ್ದವನು, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದ ಕಾಲದ ದಸರೆಯನ್ನು ಕಣ್ಣಾರೆ ಕಂಡವನು. ಅವನ ವಿವರಣೆಯಲ್ಲಿ, ಜಟ್ಟಿಗಳು ಬೆರಳಿಗೆ ತೊಟ್ಟು ಕಾದುವ ಆಯುಧವಾದ ವಜ್ರಮುಷ್ಟಿ ಕೈಗೆ ಸಿಕ್ಕಷ್ಟು ಹತ್ತಿರ ಬರುತ್ತದೆ. ಅದು ಎಮ್ಮೆಯ ಕೊಂಬಿನದು. ಬೆರಳ ಗೆಣ್ಣುಗಳ ಸಾಲಿಗೆ ಸರಿಯಾಗಿ ನಾಲ್ಕು ಚೂಪು ಗುಬುಟುಗಳು, ಕಿರುಬೆರಳ ಕಡೆಯ ತುದಿಯಲ್ಲಿ ಅಡ್ಡಲಾಗಿ ಇನ್ನೂ ದೊಡ್ಡದೊಂದು. ಸರಿಯಾಗಿ ಹಿಡಿದರೆ ಸಾಧಾರಣ ಬಲದವನೂ ಒಂದೇ ಏಟಿಗೆ ತಲೆ ಸೀಳಬಹುದು. ಸರಿಯಾಗಿ ಹಿಡಿಯಲು ಬಿಡದಿರುವುದೇ ಇಲ್ಲಿನ ಜಾಣತನ. ಆಯುಧವನ್ನು ಬೆರಳ ಕೆಳಗಿನ ಎರಡು ಕೀಲುಗಳ ನಡುವೆ ಕಟ್ಟುತ್ತಾರೆ, ಜೋರಾಗಿ ಗುದ್ದಿದವನ ಬೆರಳುಗಳೇ ಕೀಲು ತಪ್ಪುವ ಹಾಗೆ. ಹೊಡೆಯಬಹುದಾದದ್ದು ತಲೆಗೆ ಮಾತ್ರ. ಇವತ್ತಿನ ಒಲಿಂಪಿಕ್ ಟೇಕ್ವಾಂಡೋದಲ್ಲಿ ಮುಖಕ್ಕೆ ಮುಷ್ಟಿಯಿಂದ ಗುದ್ದುವಂತಿಲ್ಲ, ತಲೆಗೆ ಕಾಲಿನಿಂದ ಒದೆಯಬಹುದು. ಏಟು ಎಲ್ಲಿಗೆ ಬೀಳಬೇಕೆಂದು ಗೆರೆ ಎಳೆದದ್ದು ಎರಡು ಕಡೆಯೂ ಒಂದೇ, ಎಳೆದ ಜಾಗ ಬೇರೆ. ಎದೆಗವಚದ ಕೆಲಸವನ್ನು ಇಲ್ಲಿ ಬೆರಳ ಕಟ್ಟು ಮಾಡುತ್ತಿತ್ತು.

ಉಳಿದದ್ದೂ ಹೀಗೆಯೇ. ಜೋಡಿಯನ್ನು ಹಿರಿಯರು ಮೊದಲೇ ಕಟ್ಟಿರುತ್ತಾರೆ. ಕಣಕ್ಕೆ ಬಂದಾಗ ಹೆಸರನ್ನೂ ಊರನ್ನೂ ಕೂಗಿ ಹೇಳುತ್ತಾರೆ. ಜಟ್ಟಿಗಳು ಗಜದಂತದ ಸಿಂಹಾಸನದತ್ತ ಅಡ್ಡಬಿದ್ದು, ಜಾಲಂದರದ ಹಿಂದಿನ ಅರಮನೆ ಹೆಂಗಸರಿಗೆ ವಂದಿಸಿ, ಕೊರಳ ಹೂಮಾಲೆ ಕಿತ್ತು ಕಣದಲ್ಲಿ ಹೂ ಚೆಲ್ಲುತ್ತಾರೆ. ಗೆಲುವು ನಿಚ್ಚಳವಾದಾಗ, ಇಲ್ಲವೇ ಕಾಳಗ ಮಿತಿ ಮೀರಿದಾಗ, ದೊರೆಯ ಬಳಿಯಿರುವ ಮಧ್ಯಸ್ಥರು ಪೇಟ, ಉಡುಗೊರೆ ಬಟ್ಟೆಗಳನ್ನು ಕಣಕ್ಕೆಸೆದು ನಿಲ್ಲಿಸುತ್ತಾರೆ. ಗೆದ್ದವನು ಇನ್ನೂ ದಣಿದಿಲ್ಲವೆಂದು ತೋರಿಸಲು ನಾಲ್ಕೈದು ಲಾಗ ಹಾಕಿಕೊಂಡು ಹೊರಬೀಳುತ್ತಾನೆ. ಜಟ್ಟಿಗಳಲ್ಲಿ ಐದು ವರ್ಗ. ಗೆದ್ದರೆ ಮೇಲಿನ ವರ್ಗಕ್ಕೆ ಬಡ್ತಿ, ಮುಪ್ಪಿನಲ್ಲಿ ಜೋಡಿ ಕಟ್ಟುವ ಹಿರಿತನ. ಇದು ಕ್ರೀಡೆಯಲ್ಲವೆಂದರೆ ಯಾವುದು ಕ್ರೀಡೆ?

ಅಷ್ಟೇ ಆಗಿದ್ದರೆ ಕಥೆ ಸಲೀಸಾಗಿತ್ತು. ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿಯ ನೆನಪುಗಳಲ್ಲಿ ಜಟ್ಟಿಗಳ ಕಾದಾಟ ಭೀಕರವಾಗಿಯೇ ಕಾಣುತ್ತದೆ. ಮರಣದಂಡನೆ ಜಾರಿ ಮಾಡುವ ಕೆಲಸವೂ ಅವರ ಪಾಲಿಗಿತ್ತು. ತಂಜಾವೂರಿನ ಅರಸರ ಕಾಲದಲ್ಲಿ ಬೊಕ್ಕಸ, ಒಡವೆ ಕೋಣೆಗಳಿಗೆ ಅವರೇ ಕಾವಲು. ಆ ಅರಸೊತ್ತಿಗೆ ಮುಗಿದ ಮೇಲೆ ಬಹುಪಾಲು ಜನ ಮೈಸೂರಿನಂಥ ಸಂಸ್ಥಾನಗಳಿಗೆ ಬಂದರೆಂದು ಥರ್ಸ್ಟನ್ ಬರೆಯುತ್ತಾನೆ. ಕೊಲ್ಲುವ ಕೈ, ಕಾಯುವ ಕೈ, ನೋವಿಗೆ ಎಣ್ಣೆ ತಿಕ್ಕುವ ಕೈ ಎಲ್ಲ ಒಂದೇ. ಚನ್ನಪಟ್ಟಣದ ಜಟ್ಟಿ ಪೊಲೀಸಾದದ್ದರಲ್ಲಿ ಹೊಸತೇನಿಲ್ಲ, ಬದಲಾದದ್ದು ಸಂಬಳ ಕೊಡುವ ಒಡೆಯ.

ಹಾಗಾದರೆ ಬಿರುಕು ಬಿಟ್ಟದ್ದು ಯಾವಾಗ? ನನ್ನ ಲೆಕ್ಕದಲ್ಲಿ ರಾಜಧನ ರದ್ದಾದ 1971ರ ಆಸುಪಾಸು, ದಸರೆಯೇ ಎರಡಾದಾಗ. ಮೆರವಣಿಗೆ, ಕುಸ್ತಿ, ಕ್ರೀಡಾಕೂಟಗಳು ಸರ್ಕಾರದ ನಾಡಹಬ್ಬಕ್ಕೆ ಹೋದವು. ವಜ್ರಮುಷ್ಟಿ ಕಾಳಗ ಮಾತ್ರ ರಾಜಮನೆತನದ ಖಾಸಗಿ ದಸರೆಯ ಜೊತೆ ಅರಮನೆಯ ತೊಟ್ಟಿಯಲ್ಲೇ ಉಳಿಯಿತು. ಈಗಲೂ ವಿಜಯದಶಮಿಯ ಬೆಳಿಗ್ಗೆ ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳ ಜಟ್ಟಿಗಳು ತಲೆ ಬೋಳಿಸಿ, ಜುಟ್ಟು ಬಿಟ್ಟು ಅಲ್ಲಿ ಸೇರುತ್ತಾರೆ. ಎರಡು ಜೋಡಿ. ಯಾರ ತಲೆಯಿಂದಲಾದರೂ ನೆತ್ತರ ಮೊದಲ ಹನಿ ಒಸರಿದರೆ ಅಲ್ಲಿಗೆ ಮುಗಿಯಿತು, ಕೆಲವೊಮ್ಮೆ ಕೆಲವೇ ಕ್ಷಣಗಳಲ್ಲಿ. ಆಮೇಲೆ ಬನ್ನಿ ಪೂಜೆಗೆ ಸವಾರಿ. ವಿಲ್ಕ್ಸ್ ಕಂಡ ಜಟ್ಟಿಗಳು ತಲೆಯಿಂದ ಮರಳಿನವರೆಗೆ ರಕ್ತ ಇಳಿದರೂ ಸೆಣಸುತ್ತಿದ್ದರು, ಏಕೆಂದರೆ ಮೇಲಿನ ವರ್ಗ ಕಾದಿತ್ತು. ಈಗ ಏರುವ ವರ್ಗವಿಲ್ಲ. ಪೈಪೋಟಿ ಕಳಚಿಹೋಗಿ ಉಳಿದದ್ದನ್ನು ನಾವು ಪುರಾತನ ಕಲೆ ಎನ್ನುತ್ತೇವೆ.

ಅರಮನೆಯ ಗೋಡೆಯ ಹೊರಗೆ ಕುಸ್ತಿಯದು ಬೇರೆ ದಾರಿ. ದಸರಾ ಕುಸ್ತಿಯಲ್ಲಿ ನಾಡಕುಸ್ತಿ, ಪಾಯಿಂಟ್ ಕುಸ್ತಿ ಎಂದು ಎರಡು ಪಂಕ್ತಿ. ನಾಡಕುಸ್ತಿಗೆ ಮಟ್ಟಿ ಬೇಕು: ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದ ಕೆಮ್ಮಣ್ಣು. ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಇಲ್ಲದಿದ್ದರೆ ಸಮ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಸೋತವನ ಜಂಬವನ್ನು ಗೇಲಿ ಮಾಡುತ್ತದೆ, ನಿಜ. ಆದರೆ ತೀರ್ಪಿನ ಮೇಲೆ ತಕರಾರು ಎತ್ತುವ ಚಾಳಿ ಎಷ್ಟು ಹಳೆಯದೆಂಬುದಕ್ಕೂ ಅದೇ ಸಾಕ್ಷಿ. ಇವತ್ತಿನ ವಿಡಿಯೋ ಮರುಪರಿಶೀಲನೆ ಆ ಮೀಸೆಯ ವಂಶದ್ದೇ. ಪಾಯಿಂಟ್ ಕುಸ್ತಿಗೆ ಮೂರು ಮೂರು ನಿಮಿಷದ ಎರಡು ಸುತ್ತು, ತೂಕದ ವಿಭಾಗ. ಫ್ರೀಸ್ಟೈಲ್‌ನಲ್ಲಿ ಹತ್ತು ಅಂಕ ಮುಂದಾದರೆ ಅಲ್ಲಿಗೇ ಮುಕ್ತಾಯ. ಎರಡೂ ಭುಜ ಮ್ಯಾಟಿಗೆ ಒತ್ತಿದರೆ ಅಂಕ ಯಾರೂ ಎಣಿಸುವುದಿಲ್ಲ. ಚಿತ್ ಇನ್ನೂ ಸತ್ತಿಲ್ಲ.

ಮಟ್ಟಿಯಿಂದ ಮ್ಯಾಟಿಗೆ ಬರುವವನಿಗೆ ಕಷ್ಟ ಇರುವುದು ನಿಯಮಕ್ಕಿಂತ ಹೆಚ್ಚಾಗಿ ಪಾದದಲ್ಲಿ. ಸಾತಾರ ಜಿಲ್ಲೆಯ ಮಟ್ಟಿಯಲ್ಲಿ ಬೆಳೆದ ಪೈಲ್ವಾನ ಕೆ.ಡಿ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವನಾಗಿ ಮರಳಿದ್ದ. ಮ್ಯಾಟಿಗೆ ಮೈ ಒಗ್ಗಿಸಿಕೊಂಡು 1952ರ ಹೆಲ್ಸಿಂಕಿಯಲ್ಲಿ ಕಂಚು ತಂದ. ಮಣ್ಣಿನಲ್ಲಿ ಹೆಬ್ಬೆರಳು ಊರಿ ನಿಲ್ಲುವ ಪೈಲ್ವಾನನಿಗೆ ಮ್ಯಾಟಿನ ಮೇಲೆ ಬೂಟು ಕಡ್ಡಾಯ. ಗರಡಿಯ ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಹೋಗುವ ಹುಡುಗ ಚಪ್ಪಲಿಯನ್ನು ಹೊರಗೇ ಬಿಡುತ್ತಾನೆ, ಆಂಜನೇಯನಿಗೆ ಕೈಮುಗಿದು ಮಟ್ಟಿಯ ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾನೆ. ಅದೇ ಹುಡುಗ ಜಿಲ್ಲಾ ಮಟ್ಟದ ಪಂದ್ಯದ ದಿನ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಗಿಯುತ್ತಿರುತ್ತಾನೆ, ಉಸ್ತಾದರು ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿರುತ್ತಾರೆ.