ಶಿಡ್ಲಘಟ್ಟದ ದಸ್ತರಖಾನ್

ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಇಂದು ಶಿಡ್ಲಘಟ್ಟದ ಅನೇಕ ಮುಸ್ಲಿಮ್ ಕುಟುಂಬಗಳ ಜೀವನಾಧಾರ. ಗೂಡಿನ ಹರಾಜು, ಕುದಿನೀರಿನ ಮುಂದಿನ ದುಡಿಮೆ, ನೂಲಿನ ದರದ ಏರಿಳಿತ ಮನೆಯೊಳಕ್ಕೂ ಹೊಕ್ಕು ಊಟವನ್ನು ಒಬ್ಬೊಬ್ಬರದಾಗಿಸುತ್ತವೆ; ದರ ಕುಸಿದ ದಿನದ ಸಿಟ್ಟು ಮಡದಿ ಮಕ್ಕಳತ್ತ ತಿರುಗುತ್ತದೆ.

ಉಂಡರೂ ತೃಪ್ತಿಯಾಗುತ್ತಿಲ್ಲವೆಂದು ಸಹಾಬಿಗಳು ದೂರಿಕೊಂಡಾಗ ಪ್ರವಾದಿವರ್ಯರು(ಸ), ಅವರು ಬೇರೆಬೇರೆಯಾಗಿ ಉಣ್ಣುತ್ತಿರುವರೇ ಎಂದು ವಿಚಾರಿಸಿದರು. ಹೌದೆಂದಾಗ, ಜೊತೆಗೂಡಿ ಅಲ್ಲಾಹನ ನಾಮ ಸ್ಮರಿಸಿ ಉಣ್ಣುವಂತೆಯೂ ಅದರಲ್ಲಿ ಬರಕತ್ ಇರುವುದೆಂದೂ ಬೋಧಿಸಿದರು. ಅಬೂದಾವೂದ್ ಸಂಗ್ರಹದಲ್ಲಿ ಈ ವರದಿಯಿದೆ. ಹಾಗೆಂದು ಒಂಟಿ ಊಟ ಪಾಪವೇನಲ್ಲ. ಸೂರಃ ಅನ್ನೂರ್‌ನ 61ನೆಯ ವಚನ ಎರಡನ್ನೂ ಅನುಮತಿಸಿದೆ. ಕೆಲಸ ಬಿಟ್ಟೇಳಲಾಗದ ರೀಲರಿಗೆ ಇದೇನು ಸಣ್ಣ ರಿಯಾಯಿತಿಯೇ! ಹಗಲೂಟ ತಪ್ಪಿದರೂ, ಇಶಾ ನಮಾಝಿನ ಬಳಿಕ ಒಂದೇ ದಸ್ತರಖಾನಿನ ಸುತ್ತ ಕುಳಿತರೆ ದರದ ಚಿಂತೆಯನ್ನು ಮನೆಯೊಡೆಯ ಒಬ್ಬನೇ ಹೊರಬೇಕಿಲ್ಲ. ನಾಳಿನ ಗೂಡಿಗೆ ಹಣ ಹೊಂದಿಸುವ ಮಾತೂ ಅಲ್ಲೇ ತಣ್ಣಗೆ ನಡೆದೀತು.