ಹಳೆಯ ಮದರ್‌ಬೋರ್ಡು ಮತ್ತು ವೇಗದ ರ್‍ಯಾಮ್: ಆಕರಗಳ ದೃಷ್ಟಿಯಿಂದ ಒಂದು ವಿವೇಚನೆ

ಯಾದಗಿರಿಯ ಸಮೀಪದ ಅಬ್ಬೆತುಮಕೂರಿನ ರೈತನು ತನ್ನ ಹೊಲದ ಪಹಣಿಗಾಗಿ ಗ್ರಾಮಲೆಕ್ಕಿಗನ ಕೈಬರಹವನ್ನು ನೆಚ್ಚಿದ್ದ ಕಾಲವು ‘ಭೂಮಿ’ ಯೋಜನೆಯೊಡನೆ ಮುಗಿಯಿತು. 2001ರ ಸುಮಾರಿಗೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಅಂದಿನಿಂದ ಈ ಪ್ರಾಂತದ ಚರಿತ್ರೆಯ ಆಕರಗಳು ಕಾಗದ ಕಲ್ಲುಗಳಲ್ಲಿ ಮಾತ್ರ ಇರುವುದಿಲ್ಲ. ಆ ಕಾಲದ ಯಂತ್ರವೊಂದನ್ನು ಮತ್ತೆ ನಡೆಸಲು ಹೊರಟ ಸಂಶೋಧಕನು, ಅದರ ರ್‍ಯಾಮ್ ಕೆಟ್ಟಿದ್ದರೆ, ಅದಕ್ಕಿಂತ ವೇಗವಾದ ರ್‍ಯಾಮ್ ಹಳೆಯ ಮದರ್‌ಬೋರ್ಡಿಗೆ ಹೊಂದುವುದೆ ಎಂಬುದನ್ನು ಅರಿತಿರಬೇಕು.

ಒಂದೇ ತಲೆಮಾರಿನೊಳಗಾದರೆ ವೇಗವು ಸಾಮಾನ್ಯವಾಗಿ ಅಡ್ಡಿಯಲ್ಲ. 1998ರಲ್ಲಿ ಹೊರಬಂದ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳು 100 ಮೆಗಾಹರ್ಟ್ಸ್ ವೇಗದವು. ಅವುಗಳಲ್ಲಿ 133ರ ರ್‍ಯಾಮ್ ಕೂರಿಸಿದರೆ ಅದು 100ರಲ್ಲಿಯೇ ನಡೆಯುತ್ತದೆ. ರ್‍ಯಾಮಿನ ಮೇಲೆ ನಮೂದಾದುದು ಅದು ತಾಳಬಲ್ಲ ವೇಗದ ಮಿತಿ. ತಾಳ ಹಾಕುವುದು ಬೋರ್ಡು. ರ್‍ಯಾಮಿನ ಮೇಲಿನ ಸಣ್ಣ ಚಿಪ್ಪೊಂದರಲ್ಲಿ ಅದರ ಅಳತೆ, ವೇಗಗಳು ಬರೆದಿರುತ್ತವೆ. ಯಂತ್ರವು ಎಚ್ಚರಗೊಂಡಾಗ ಬಯಾಸ್ ಅದನ್ನು ಓದಿಕೊಳ್ಳುತ್ತದೆ.

ನಿಜವಾದ ತೊಡಕು ಇರುವುದು ಚಿಪ್ಪುಗಳ ಸಾಂದ್ರತೆಯಲ್ಲಿ. ಈ ಚಿಪ್‌ಸೆಟ್ಟು 128 ಮೆಗಾಬಿಟ್ಟಿನ ಚಿಪ್ಪುಗಳವರೆಗೆ ಮಾತ್ರ ಅರಿಯಬಲ್ಲುದು. 256 ಎಂಬಿಯ ರ್‍ಯಾಮಿನಲ್ಲಿ 16 ಚಿಪ್ಪುಗಳಿದ್ದರೆ ಪೂರ್ತಿ ಕಾಣುತ್ತದೆ. ದೊಡ್ಡ ಚಿಪ್ಪುಗಳು 8 ಮಾತ್ರ ಇದ್ದರೆ, ವಿಳಾಸದ ತಂತಿಯೊಂದು ಸಾಲದೆ, 128 ಎಂಬಿ ಮಾತ್ರ ಕಾಣುತ್ತದೆ. ಒಂದು ಕಾಲೇಜಿನಲ್ಲಿ ಇಂತಹ ರ್‍ಯಾಮನ್ನು ಕೆಟ್ಟುದೆಂದು ಹಿಂದಿರುಗಿಸಿದುದನ್ನು ನಾನು ಬಲ್ಲೆ. ಅದರಲ್ಲಿ ದೋಷವೇನೂ ಇದ್ದಿರಲಾರದು.

ತಲೆಮಾರು ಬದಲಾದರೆ ಹೊಂದಿಕೆಯ ಮಾತೇ ಇಲ್ಲ. ಆ ಹಳೆಯ ಎಸ್‌ಡಿರ್‍ಯಾಮಿಗೆ 168 ಪಿನ್ನು, ಎರಡು ಕಚ್ಚು, 3.3 ವೋಲ್ಟು, 2000ದಲ್ಲಿ ಪ್ರಮಾಣೀಕೃತವಾದ ಡಿಡಿಆರ್‌ಗೆ 184 ಪಿನ್ನು, ಒಂದೇ ಕಚ್ಚು, 2.5 ವೋಲ್ಟು. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳಿದ್ದರೂ ಕಚ್ಚಿನ ಸ್ಥಾನ ಬೇರೆ, ವೋಲ್ಟೇಜು ಬೇರೆ. ಕಚ್ಚು ಸರಿಹೊಂದದಿದ್ದಾಗ ಬಲದಿಂದ ಒತ್ತಬಾರದು. ಅಕ್ಷರಗಳ ಆಕಾರದಿಂದ ಶಾಸನದ ಕಾಲವನ್ನು ಊಹಿಸುವ ನಮಗೆ ಈ ಕಚ್ಚುಗಳು ಯಂತ್ರದ ಕಾಲವನ್ನು ಹೇಳುತ್ತವೆ.

ಹಾರ್ಡ್‌ಡಿಸ್ಕನ್ನು ಕಳಚಿ ಬೇರೆ ಯಂತ್ರದಲ್ಲಿ ಓದಬಹುದಲ್ಲವೆ ಎಂದು ಕೇಳಬಹುದು. ಕಡತಗಳನ್ನು ಪ್ರತಿಮಾಡಲು ಅಷ್ಟು ಸಾಕು. ಆದರೆ ಯೂನಿಕೋಡಿಗೆ ಮೊದಲಿನ ಕನ್ನಡ ಬರಹವು ಆಯಾ ಫಾಂಟಿನ ಸಂಕೇತಗಳಲ್ಲಿದೆ. ಆ ಫಾಂಟು, ಆ ತಂತ್ರಾಂಶಗಳು ಇಲ್ಲದೆಡೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅಂತಹ ಕಡತವನ್ನು ಮೂಲರೂಪದಲ್ಲಿ ಪರಿಶೀಲಿಸಲು ಹಳೆಯ ಯಂತ್ರವೇ ಎಷ್ಟೋ ವೇಳೆ ನೇರವಾದ ದಾರಿ. ಆದುದರಿಂದ ಗುಜರಿಗೆ ಹಾಕುವ ಬೋರ್ಡುಗಳಿಂದ 168 ಪಿನ್ನಿನ, 16 ಚಿಪ್ಪುಗಳ ರ್‍ಯಾಮುಗಳನ್ನು ಬಿಚ್ಚಿ, ತೇವ ತಾಗದಂತೆ ಇಲಾಖೆಯಲ್ಲಿ ಕಾದಿಡುವುದು ಯುಕ್ತ.